ವೈನ್ ಪಟ್ಟಿಯ ದಪ್ಪ ನೋಡಿ ಅಂಕ ಕೊಡಬೇಡಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಪುಣೆಯ ಒಂದು ದೊಡ್ಡ ಸ್ಟೇಕ್‌ಹೌಸ್ (ದಪ್ಪ ಮಾಂಸದ ತುಂಡು ಸುಟ್ಟು ಕೊಡುವ ಹೋಟೆಲ್) ಬಗ್ಗೆ ಬರೆದಿದ್ದೀರಿ. ಮಂದ ಬೆಳಕು, ಚರ್ಮದ ಕುರ್ಚಿ, ಗಾಜಿನ ಗೋಡೆಯ ಹಿಂದೆ ಸಾಲಾಗಿ ಮಲಗಿಸಿದ ಬಾಟಲಿಗಳು, ಎಲ್ಲ ಓದಲು ಚೆನ್ನಾಗಿತ್ತು. ಕೊನೆಗೆ ವೈನ್ ಪಟ್ಟಿಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದೀರಿ. ಕಾರಣ ಏನು ಅಂದರೆ ಪಟ್ಟಿಯಲ್ಲಿ ಮುನ್ನೂರಕ್ಕೂ ಜಾಸ್ತಿ ವೈನ್ ಇವೆ, ಪುಸ್ತಕ ನಲವತ್ತು ಪುಟ ಇದೆ. ಅಷ್ಟೇ. ಆ ಹತ್ತು ಅಂಕದ ಬಗ್ಗೆಯೇ ಈ ಪತ್ರ.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಅಕ್ಕಲಕೋಟೆ ತಾಲ್ಲೂಕಿನವನು. ಪುಣೆಯ ಹೋಟೆಲುಗಳಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ, ತಾಟು ಎತ್ತುವುದರಿಂದ ಶುರು ಮಾಡಿ ಕೊನೆಯ ಎಂಟು ವರ್ಷ ಬರೀ ವೈನ್ ನೋಡಿಕೊಳ್ಳುವ ಕೆಲಸ. 2020ರಲ್ಲಿ ಹೋಟೆಲ್ ಬಾಗಿಲು ಹಾಕಿದಾಗ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಈಗ ಅಪ್ಪನ ನಾಲ್ಕು ಎಕರೆ ದ್ರಾಕ್ಷಿ ತೋಟ ನನ್ನದು. ನಾನು ವೈನ್ ಕೆಲಸ ಮಾಡಿದವನು ಅಂದರೆ ಊರಲ್ಲಿ ಇವತ್ತಿಗೂ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ತಪ್ಪು ಅವರದಲ್ಲ. ನಮ್ಮ ಮಹಾರಾಷ್ಟ್ರದಲ್ಲಿ 'ವೈನ್ ಶಾಪ್' ಅಂತ ಬೋರ್ಡ್ ಹಾಕಿ ಒಳಗೆ ಮಾರುವುದು ವಿಸ್ಕಿ, ರಮ್ಮು. ನಿಜವಾದ ವೈನ್ ಕೇಳಿದರೆ ಅಂಗಡಿಯವನು ಏಣಿ ಹಾಕಿ ಮೇಲಿನ ಅಟ್ಟದಿಂದ ಧೂಳು ಒರೆಸಿ ಕೊಡುತ್ತಾನೆ.

ನೀವು ಬರೆದ ಆ ಹೋಟೆಲಿಗೆ ನಾನೂ ಹೋಗಿದ್ದೆ, ನಿಮ್ಮ ಲೇಖನ ಬರುವ ಎರಡು ವಾರ ಮೊದಲು. ತಂಗಿಯ ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಮೊದಲ ಸಂಬಳದಲ್ಲಿ "ಮಾಮಾ, ನಿಮ್ಮನ್ನ ಒಳ್ಳೆ ಕಡೆ ಊಟಕ್ಕೆ ಕರ್ಕೊಂಡು ಹೋಗ್ತೀನಿ" ಅಂದ. ಹೋಟೆಲಿನ ಹೆಸರು ನೀವೇ ಬರೆದಿದ್ದೀರಿ, ನಾನು ಮತ್ತೆ ಬರೆಯುವುದಿಲ್ಲ. ಒಂದು ಹೋಟೆಲಿನ ಮೇಲೆ ಸಿಟ್ಟು ತೀರಿಸಿಕೊಳ್ಳಲು ಬರೆಯುತ್ತಿಲ್ಲ, ಇಂಥ ಪಟ್ಟಿಗಳನ್ನು ನಾನೇ ಕೈಯಾರೆ ತಯಾರು ಮಾಡಿದ್ದೇನೆ, ಅದಕ್ಕೇ ಅದರೊಳಗಿನ ಆಟ ಗೊತ್ತು.

ಮೊದಲು ಮಾಂಸದ ಮಾತು. ನಿಮ್ಮ ಲೇಖನದಲ್ಲಿ ಇದು ಒಂದು ಸಾಲೂ ಇಲ್ಲ, ಅದು ನನಗೆ ಆಶ್ಚರ್ಯ. ಸ್ಟೇಕ್ ಅಂದರೆ ಅಮೆರಿಕದವರಿಗೆ ದನದ ಮಾಂಸ, ಅದರಲ್ಲೂ ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸಿದ ದನದ್ದು. ಮಾಂಸದ ನಡುವೆ ಅಮೃತಶಿಲೆಯಲ್ಲಿ ಗೆರೆ ಇದ್ದಂತೆ ಬಿಳಿ ಕೊಬ್ಬು ಹರಡಿರುತ್ತದೆ. ನಮ್ಮಲ್ಲಿ ಹಾಗಲ್ಲ. ಮಹಾರಾಷ್ಟ್ರದ ಪ್ರಾಣಿ ಸಂರಕ್ಷಣೆ ಕಾಯ್ದೆ 1976ರದ್ದು, ಅದರಲ್ಲಿ ಹಸು ಕಡಿಯುವುದು ಮೊದಲೇ ನಿಷೇಧ ಇತ್ತು. 2015ರ ಮಾರ್ಚ್‌ನಿಂದ ಹೋರಿ, ಎತ್ತು ಕೂಡ ಸೇರಿದವು. ಎಮ್ಮೆ, ಕೋಣ ಆ ನಿಷೇಧದಲ್ಲಿ ಇಲ್ಲ. ಹೊರದೇಶದಿಂದ ದನದ ಮಾಂಸ ತರಿಸೋಣ ಅಂದರೆ ಕೇಂದ್ರದ ಆಮದು ನಿಯಮ ಬಿಡುವುದಿಲ್ಲ. ಹಾಗಾಗಿ ಪುಣೆ ಇರಲಿ, ಮುಂಬೈ ಇರಲಿ, ಎಷ್ಟೇ ದೊಡ್ಡ ಸ್ಟೇಕ್‌ಹೌಸ್ ಇರಲಿ, ಮೆನುವಿನಲ್ಲಿ 'ಟೆಂಡರ್‌ಲಾಯ್ನ್' (ಬೆನ್ನಿನ ಕಡೆಯ ಮೆತ್ತನೆ ಮಾಂಸ) ಅಂತ ಬರೆದಿದ್ದರೆ ತಾಟಿಗೆ ಸಾಮಾನ್ಯವಾಗಿ ಬರುವುದು ಎಮ್ಮೆಯ ಮಾಂಸ. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಒಳ್ಳೆಯ ಅಡಿಗೆಯವನ ಕೈಗೆ ಸಿಕ್ಕರೆ ಅದರ ರುಚಿ ಬೇರೆಯೇ. ಆದರೆ ಅದರಲ್ಲಿ ಕೊಬ್ಬು ಕಡಿಮೆ, ಬಣ್ಣ ಗಾಢ, ಸ್ವಲ್ಪ ಜಾಸ್ತಿ ಬೆಂದರೆ ಒಣಗಿ ಚಪ್ಪಲಿ ಆಗುತ್ತದೆ.

ವೈನಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಎಲ್ಲ ಸಂಬಂಧ ಇಲ್ಲೇ ಇದೆ. ಕೆಂಪು ವೈನಿನಲ್ಲಿ ಟ್ಯಾನಿನ್ ಅಂತ ಇರುತ್ತದೆ. ನಮ್ಮ ಭಾಷೆಯಲ್ಲಿ ಒಗರು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಎಳೆದು ಹಿಡಿದ ಹಾಗೆ ಆಗುತ್ತದಲ್ಲ, ಅದೇ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಈ ಒಗರು ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಅದಕ್ಕೇ ಬಾಯಿ ಒಣಗುತ್ತದೆ. ಬಾಯಲ್ಲಿ ಕೊಬ್ಬು, ರಸ, ಉಪ್ಪು ಇದ್ದರೆ ಆ ಒಗರು ಮೆತ್ತಗಾಗುತ್ತದೆ. ಕ್ಯಾಬರ್ನೆ ಸೋವಿನ್ಯಾನ್ ಅನ್ನುವ ಭಾರೀ ಒಗರಿನ ವೈನು ಅಮೆರಿಕದ ಸ್ಟೇಕಿಗೆ ಜೋಡಿ ಆಗಿದ್ದು ಹೀಗೆ. ಅಲ್ಲಿನ ಕೊಬ್ಬಿಗೆ ಆ ಒಗರು ಬೇಕು. ಅದೇ ವೈನನ್ನು ಕೊಬ್ಬೇ ಇಲ್ಲದ ಎಮ್ಮೆ ಟೆಂಡರ್‌ಲಾಯ್ನ್ ಜೊತೆ ಕುಡಿದರೆ? ಮಾಂಸವೂ ಒಣ, ವೈನೂ ಒಣ, ಎರಡೂ ಸೇರಿ ಬಾಯಲ್ಲಿ ಕಡಕ್ ಭಕ್ರಿ ಅಗಿದ ಹಾಗೆ. ಕಡಕ್ ಭಕ್ರಿಗಾದರೂ ಜೊತೆಗೆ ಶೇಂಗಾ ಚಟ್ನಿ, ಮೊಸರು ಇರುತ್ತದೆ.

ಇಷ್ಟು ತಿಳಿದುಕೊಂಡು ಆ ನಲವತ್ತು ಪುಟದ ಪುಸ್ತಕ ತೆಗೆದೆ. ಹನ್ನೊಂದು ಪುಟ ಬರೀ ಕ್ಯಾಬರ್ನೆ. ಅಮೆರಿಕದ ನಾಪಾ, ಫ್ರಾನ್ಸಿನ ಬೋರ್ಡೋ, ಚಿಲಿ, ಮತ್ತೆ ನಾಪಾ. ಕ್ಯಾಬರ್ನೆಗಿಂತ ಒಗರು ಕಡಿಮೆ ಇರುವ ಇಲ್ಲವೇ ಹುಳಿ ಚೆನ್ನಾಗಿರುವ ಕೆಂಪು ವೈನ್‌ಗಳು ಅಂದರೆ ಸಾಂಜೊವೇಸೆ, ಟೆಂಪ್ರನಿಯೊ, ಗ್ರೆನಾಶ್, ಪಿನೋ ನ್ವಾರ್, ಇಂಥವು ಎಲ್ಲ ಸೇರಿ ಒಂದೂವರೆ ಪುಟ. ಅಲ್ಲಿ ಸ್ಟೇಕ್ ಮೇಲೆ ಸುರಿಯುವ ಕರಿಮೆಣಸಿನ ಸಾಸ್, ಪೆರಿ ಪೆರಿ ಸಾಸ್ ಖಾರದ ಲೆಕ್ಕ ಬೇರೆ. ಖಾರ ಇದ್ದರೆ ಒಗರೂ ಜಾಸ್ತಿ ಅನಿಸುತ್ತದೆ, ಆಲ್ಕೋಹಾಲ್ ಕೂಡ ಗಂಟಲಲ್ಲಿ ಉರಿಯುತ್ತದೆ. ಪಟ್ಟಿ ಬರೆದವನು ಆ ಕಿಚನ್ ಬಾಗಿಲು ಒಂದು ಸಲವೂ ದಾಟಿಲ್ಲ ಅನ್ನುವುದು ಮೊದಲ ಐದು ನಿಮಿಷದಲ್ಲೇ ಗೊತ್ತಾಯಿತು. ಬೇರೆ ದೇಶದ ಸ್ಟೇಕ್‌ಹೌಸಿನ ಪಟ್ಟಿಯನ್ನು ತಂದು ಅಂಟಿಸಿದ್ದಾರೆ. ಆ ಪಟ್ಟಿ ಅಲ್ಲಿನ ಮಾಂಸಕ್ಕೆ ಸರಿ. ಇಲ್ಲಿನ ತಾಟಿಗೆ ಹೊಂದುವುದಿಲ್ಲ.

ಇಂಥ ಪಟ್ಟಿ ಹೇಗೆ ಹುಟ್ಟುತ್ತದೆ ಗೊತ್ತಾ? ನಾನು ಕೆಲಸ ಮಾಡಿದ ಒಂದು ಕಡೆ ಪಟ್ಟಿಯ ಪುಸ್ತಕವನ್ನೇ ಬಾಟಲಿ ಸಪ್ಲೈ ಮಾಡುವವರು ಪುಕ್ಕಟೆ ಅಚ್ಚು ಹಾಕಿಸಿ ಕೊಡುತ್ತಿದ್ದರು. ಚರ್ಮದ ರಟ್ಟು, ಬಂಗಾರದ ಅಕ್ಷರ. ಒಳಗೆ ಯಾರ ಬಾಟಲಿ ತುಂಬಿರುತ್ತದೆ ಅಂತ ಬೇರೆ ಹೇಳಬೇಕಾ? ಮ್ಯಾನೇಜರ್ ಖುಷಿ, ಸಪ್ಲೈ ಮಾಡುವವರು ಖುಷಿ. ನಾನು ಸುಮ್ನೆ ಇದ್ದೆ, ಮಕ್ಕಳ ಫೀಸು ಕಟ್ಟಬೇಕಿತ್ತು.

ದಪ್ಪ ಪಟ್ಟಿಗೆ ಮೋಸ ಹೋದವರು ನೀವೊಬ್ಬರೇ ಅಲ್ಲ. ವೈನ್ ಸ್ಪೆಕ್ಟೇಟರ್ ಅಂತ ಅಮೆರಿಕದ ದೊಡ್ಡ ಪತ್ರಿಕೆ ಇದೆ. 1981ರಿಂದ ಅವರು ರೆಸ್ಟೋರೆಂಟುಗಳ ವೈನ್ ಪಟ್ಟಿಗೆ ಪ್ರಶಸ್ತಿ ಕೊಡುತ್ತಾರೆ. ಮೂರು ಮೆಟ್ಟಿಲು. ಈಗಿನ ಲೆಕ್ಕದಲ್ಲಿ ಮೊದಲನೆಯದಕ್ಕೆ ಕನಿಷ್ಠ 90 ವೈನ್ ಇರಬೇಕು, ಎರಡನೆಯದಕ್ಕೆ 350, ಮೇಲಿನದಕ್ಕೆ 1000. 2008ರಲ್ಲಿ ರಾಬಿನ್ ಗೋಲ್ಡ್‌ಸ್ಟೀನ್ ಅನ್ನುವ ವೈನ್ ಲೇಖಕರು ಒಂದು ಕಿತಾಪತಿ ಮಾಡಿದರು. ಇಟಲಿಯ ಮಿಲಾನ್‌ನಲ್ಲಿ 'ಓಸ್ತೆರಿಯಾ ಲಿಂತ್ರೆಪಿದೊ' ಅಂತ ಇಲ್ಲದ ರೆಸ್ಟೋರೆಂಟ್ ಒಂದನ್ನು ಕಾಗದದ ಮೇಲೆ ಹುಟ್ಟಿಸಿ, ಮೆನು ಬರೆದು, ವೈನ್ ಪಟ್ಟಿ ಬರೆದು, 250 ಡಾಲರ್ ಫೀಸ್ ಕಟ್ಟಿ ಕಳಿಸಿದರು. ಪಟ್ಟಿಯ ದುಬಾರಿ ವಿಭಾಗದಲ್ಲಿ ಹಾಕಿದ್ದು ಅದೇ ಪತ್ರಿಕೆ ಹಿಂದೆ ಕಡಿಮೆ ಅಂಕ ಕೊಟ್ಟು ಬೈದಿದ್ದ ವೈನುಗಳನ್ನು! ಪ್ರಶಸ್ತಿ ಬಂತು. ಹೋಟೆಲ್ಲೇ ಇಲ್ಲ, ಅಡಿಗೆಯವನಿಲ್ಲ, ಒಂದು ಬಾಟಲಿಯೂ ಇಲ್ಲ, ಪ್ರಶಸ್ತಿ ಮಾತ್ರ ಇತ್ತು. ಪತ್ರಿಕೆಯವರೂ ತಮ್ಮ ಕಡೆಯ ಸಮಜಾಯಿಷಿ ಕೊಟ್ಟರು, ಅದು ಬೇರೆ ಮಾತು. ಕುಡಿಯದೆ, ಕೂರದೆ, ಕಾಗದ ನೋಡಿ ಅಂಕ ಕೊಟ್ಟರೆ ಹೀಗೇ ಆಗುತ್ತದೆ. ನಿಮ್ಮ ವರದಿಗಾರರು ಅಲ್ಲಿ ಏನು ಕುಡಿದರು ಅಂತ ಲೇಖನದಲ್ಲಿ ಎಲ್ಲೂ ಇಲ್ಲ, ಎರಡು ಸಲ ಓದಿದೆ.

ಈಗ ಗ್ಲಾಸಿನ ಲೆಕ್ಕ. ಇಬ್ಬರು ಹೋದವರು ಎಲ್ಲರೂ ಬಾಟಲಿ ತೆಗೆದುಕೊಳ್ಳುವುದಿಲ್ಲ ಅಲ್ವಾ? ಒಂದು ಬಾಟಲಿ 750 ಎಂಎಲ್, ಒಂದು ಗ್ಲಾಸ್ 150 ಅಂತ ಹಿಡಿದರೆ ಐದು ಗ್ಲಾಸ್. ಹೋಟೆಲ್ ಲೈನಿನಲ್ಲಿ ಸಾಮಾನ್ಯ ಲೆಕ್ಕ ಏನು ಅಂದರೆ, ಮೊದಲ ಗ್ಲಾಸಿನಲ್ಲೇ ಬಾಟಲಿಯ ಖರೀದಿ ದುಡ್ಡು ವಾಪಸ್ ಬರಬೇಕು. ಉಳಿದ ನಾಲ್ಕರಲ್ಲಿ ಬಾಡಿಗೆ, ಸಂಬಳ, ಒಡೆದ ಗ್ಲಾಸು, ಲಾಭ. ಅದಕ್ಕೆ ನನ್ನ ತಕರಾರಿಲ್ಲ. ಇಲ್ಲಿ ಮುನ್ನೂರು ವೈನಿನಲ್ಲಿ ಗ್ಲಾಸಿಗೆ ಸಿಗುವುದು ಮೂರು. ಕೆಂಪು ಒಂದು, ಬಿಳಿ ಒಂದು, ಸಿಹಿ ಒಂದು. ಗ್ಲಾಸಿಗೆ 950 ರೂಪಾಯಿ, ಅದೇ ವೈನಿನ ಇಡೀ ಬಾಟಲಿ 2,800. ಎಷ್ಟು ಎಂಎಲ್ ಅಂತ ಪಟ್ಟಿಯಲ್ಲಿ ಬರೆದಿಲ್ಲ. ಅಳತೆ ಹಿಡಿದು ಹುಯ್ದವನಿಗೆ ಕಣ್ಣಳತೆ ಇರುತ್ತದೆ, ಅದು 120ಕ್ಕಿಂತ ಜಾಸ್ತಿ ಇರಲಿಲ್ಲ. ಮೊದಲು ಒಂದು ಗ್ಲಾಸ್ ತರಿಸಿದೆ. ಬಾಯಿಗಿಟ್ಟರೆ ಬಡಿದು ಕಪ್ಪಾದ ಸೇಬಿನ ವಾಸನೆ. ಬಾಟಲಿ ತೆರೆದು ಮೂರ್ನಾಲ್ಕು ದಿನ ಆಗಿರಬೇಕು, ಗಾಳಿಗೆ ಸತ್ತುಹೋಗಿದೆ. ಹುಡುಗ ಕುಡಿದು "ಮಾಮಾ, ವೈನ್ ಅಂದ್ರೆ ಹೀಗೇ ಇರುತ್ತಾ?" ಅಂದ. ಪಾಪ, ಅವನ ಮೊದಲ ಗ್ಲಾಸ್ ಅದು. 'ನನಗೆ ವೈನ್ ಸೇರಲ್ಲ' ಅನ್ನುವ ಎಷ್ಟು ಜನ ಇಂಥ ಗ್ಲಾಸಿನಿಂದ ಶುರು ಮಾಡಿರುತ್ತಾರೋ.

ಇಸವಿ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪಟ್ಟಿಯ ಅರ್ಧಕ್ಕರ್ಧ ವೈನಿಗೆ ಇಸವಿಯೇ ಇರಲಿಲ್ಲ. ದ್ರಾಕ್ಷಿ ಯಾವ ವರ್ಷದ್ದು ಅಂತ ಹೇಳದೆ ವೈನ್ ಮಾರುವುದು ಅಂದರೆ ಎತ್ತಿನ ಹಲ್ಲು ತೋರಿಸದೆ ಸಂತೆಯಲ್ಲಿ ಮಾರಿದ ಹಾಗೆ. ಬಿಳಿ ವೈನಿನಲ್ಲಂತೂ ತುಂಬ ಮುಖ್ಯ. ನಾಶಿಕ ಕಡೆಯ ಶೆನಿನ್ ಬ್ಲಾಂಕ್ ಹೊಸದಾಗಿದ್ದಾಗ ಕುಡಿಯುವಂಥದ್ದು, ಐದು ವರ್ಷ ಇಟ್ಟು 'ಹಳೆಯದು' ಅಂತ ಜಾಸ್ತಿ ದುಡ್ಡು ಕೇಳಿದರೆ ಅದು ಮೋಸ.

ಇನ್ನು ಬಿಸಿ. ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕೊಡಬೇಕು ಅನ್ನುವ ಮಾತು ಯುರೋಪಿನ ತಣ್ಣನೆ ಕಲ್ಲಿನ ಮನೆಗಳಿಗೆ ಹೇಳಿದ್ದು. ಬೇಕಾಗಿರುವುದು 16ರಿಂದ 18 ಡಿಗ್ರಿ. ನಮ್ಮ ಸೊಲ್ಲಾಪುರದ ಮೇ ತಿಂಗಳ ರೂಮ್ ಟೆಂಪರೇಚರ್ ಲೆಕ್ಕ ಹಿಡಿದರೆ ವೈನಿನಲ್ಲಿ ಚಹಾ ಮಾಡಬಹುದು. ಆ ಗಾಜಿನ ಗೋಡೆ ಫೋಟೋದಲ್ಲಿ ಚಂದ ಬಂದಿದೆ, ಒಪ್ಪುತ್ತೇನೆ. ಆದರೆ ಅದರ ತುಂಬಾ ಹಳದಿ ದೀಪ ಹಾಕಿದ್ದಾರೆ, ತಂಪು ಮಾಡುವ ಮೆಷಿನ್ ಅದರೊಳಗೆ ಇಲ್ಲ, ಕೈ ಇಟ್ಟು ನೋಡಿದೆ, ಗಾಜು ಬೆಚ್ಚಗಿತ್ತು. ಅಲ್ಲಿ ವರ್ಷಗಟ್ಟಲೆ ಮಲಗಿದ ದುಬಾರಿ ಬಾಟಲಿಯ ಗತಿ ಏನಾಗಿರುತ್ತದೆ ಯೋಚಿಸಿ. ಕಾರ್ಕ್ ಬಾಟಲಿಯ ಬಾಯಿಗಿಂತ ಸ್ವಲ್ಪ ಮೇಲೆ ಎದ್ದಿದ್ದರೆ, ಸುತ್ತ ಅಂಟು ಅಂಟಾಗಿದ್ದರೆ ಅದು ಬಿಸಿಗೆ ಬೆಂದ ಬಾಟಲಿ ಅನ್ನಬಹುದು. ಕಾರ್ಕ್ ಮೂಸುವ ನಾಟಕ ಬಿಡಿ, ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಗ್ಲಾಸಿಗೆ ಹುಯ್ದ ವೈನನ್ನೇ ಮೂಸಿ. ಮಳೆಗೆ ನೆಂದ ಗೋಣಿಚೀಲದ ವಾಸನೆ ಬಂದರೆ ಕಾರ್ಕಿನಿಂದ ಕೆಟ್ಟಿದೆ ಅಂತ ಲೆಕ್ಕ, ಧೈರ್ಯವಾಗಿ ವಾಪಸ್ ಕಳಿಸಿ. ಮೊದಲು ಒಂದು ಗುಟುಕು ಹುಯ್ದು ನಿಮ್ಮ ಮುಖ ನೋಡುವುದು ಇದಕ್ಕೇ, ನೀವು ಹೊಗಳಲಿ ಅಂತ ಅಲ್ಲ.

ಬೆಲೆಯ ಬಗ್ಗೆ ಇನ್ನೊಂದು ಮಾತು ಇದೆ. ಹೊರದೇಶದ ವೈನಿಗೆ ನಮ್ಮಲ್ಲಿ 150 ಪರ್ಸೆಂಟ್ ಕಸ್ಟಮ್ಸ್ ಸುಂಕ ಅನ್ನುವುದು ತುಂಬ ವರ್ಷದ ಮಾತು, ಅದಕ್ಕೇ ಪಟ್ಟಿಗಳಲ್ಲಿ ಆ ಬೆಲೆ. ಆದರೆ ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಗೆ ಬಂದಿದೆ. ಆಮದು ಬೆಲೆ 5 ಅಮೆರಿಕನ್ ಡಾಲರಿಗಿಂತ ಮೇಲಿನ ಬಾಟಲಿಗೆ ಸುಂಕ 100 ಪರ್ಸೆಂಟಿಗೆ ಇಳಿಯಿತು, 15 ಡಾಲರಿಗಿಂತ ಮೇಲಿನದಕ್ಕೆ 75ಕ್ಕೆ, ಆಮೇಲೆ ವರ್ಷ ವರ್ಷ ಇನ್ನೂ ಇಳಿಯುತ್ತ ಹೋಗುತ್ತದೆ. ಪ್ರಾಮಾಣಿಕ ಪಟ್ಟಿಯಲ್ಲಿ ಇದು ಕಾಣಬೇಕು. ಇಲ್ಲಿ ಆಸ್ಟ್ರೇಲಿಯಾದ ಶಿರಾಜ್ ಅನ್ನುವ ಕೆಂಪು ವೈನ್ ಚಿಲಿಯದ್ದಕ್ಕಿಂತ ದುಬಾರಿ, ಕೇಳಿದರೆ "ಹಳೆ ರೇಟು ಸರ್" ಅಂದರು.

ಇಷ್ಟರಲ್ಲಿ ನಾವು ಮಾತಾಡುವುದು ಕೇಳಿ ಪಕ್ಕದಲ್ಲಿ ನಿಂತಿದ್ದ ಸರ್ವರ್ ಹುಡುಗ ಹತ್ತಿರ ಬಂದ. ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸು ಇರಬಹುದು. "ಸರ್, ಯಾವ ಊರಿನವ್ರು?" ಅಂತ ಕನ್ನಡದಲ್ಲೇ ಕೇಳಿದ. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನವನಂತೆ, ಕನ್ನಡ ಶಾಲೆಯಲ್ಲಿ ಓದಿದವನು. ನಾನು ಅಕ್ಕಲಕೋಟೆ ಅಂದ ಕೂಡಲೆ ಮುಖ ಅರಳಿತು. ಆಮೇಲೆ ದನಿ ತಗ್ಗಿಸಿ ಹೇಳಿದ, "ಸರ್, ಈ ಪುಸ್ತಕದಾಗ ಇರೋದು ಎಲ್ಲಾ ಸ್ಟೋರಿನಾಗ ಇಲ್ಲ. ಒಂದು ಅರವತ್ತು ಇರಬಹುದು. ನೀವು ಕ್ಯಾಬರ್ನೆ ತಗೋಬ್ಯಾಡ್ರಿ. ಕೊನೇ ಪುಟದಾಗ ನಮ್ಮ ಕಡೆಯದ್ದು ಒಂದ್ ಐತಿ ನೋಡ್ರಿ."

ಕೊನೆಯ ಪುಟ ತೆಗೆದೆ. 'ಇಂಡಿಯನ್' ಅಂತ ಒಂದು ಸಣ್ಣ ತಲೆಬರಹ, ಕೆಳಗೆ ಆರು ಹೆಸರು, ಯಾವ ಊರು ಯಾವ ದ್ರಾಕ್ಷಿ ಏನೂ ಇಲ್ಲ. ನಾಪಾದ ಒಂದೊಂದು ಬಾಟಲಿಗೆ ಬೆಟ್ಟದ ಯಾವ ಮಗ್ಗುಲು ಅಂತ ಬರೆದವರಿಗೆ ಇಲ್ಲಿ ಬರೆಯಲು ಜಾಗ ಇರಲಿಲ್ಲ. ಅದರಲ್ಲಿ ನಮ್ಮ ಸೊಲ್ಲಾಪುರ ಜಿಲ್ಲೆಯ ಅಕಲೂಜ ಕಡೆಯ ಫ್ರಾಟೆಲ್ಲಿಯ ಸಾಂಜೊವೇಸೆ ಇತ್ತು. ಫ್ರಾಟೆಲ್ಲಿ ಅಂದರೆ ಇಟಲಿ ಭಾಷೆಯಲ್ಲಿ ಅಣ್ಣತಮ್ಮಂದಿರು. ಇಟಲಿಯ ಅಣ್ಣತಮ್ಮಂದಿರು, ದಿಲ್ಲಿಯವರು, ಅಕಲೂಜದ ಮೋಹಿತೆ ಪಾಟೀಲರು ಸೇರಿ ಕಟ್ಟಿದ್ದು. ಸಾಂಜೊವೇಸೆ ಇಟಲಿಯ ಟಸ್ಕನಿಯ ದ್ರಾಕ್ಷಿ. ಅಲ್ಲಿ ಫ್ಲಾರೆನ್ಸ್ ಊರಿನ ಪ್ರಸಿದ್ಧ ಸ್ಟೇಕ್ ಜೊತೆ ಜನ ಕುಡಿಯುವುದೇ ಇದನ್ನು. ಹುಳಿ ಚೆನ್ನಾಗಿರುತ್ತದೆ, ಹಾಗಾಗಿ ಬಾಯಿ ಒಣಗಿಸುವ ಬದಲು ನೀರೂರಿಸುತ್ತದೆ. ಕೊಬ್ಬಿಲ್ಲದ ನಮ್ಮ ಎಮ್ಮೆ ಮಾಂಸಕ್ಕೆ ಇದಕ್ಕಿಂತ ಸರಿಯಾದ ಜೋಡಿ ಆ ನಲವತ್ತು ಪುಟದಲ್ಲಿ ನನಗೆ ಸಿಗಲಿಲ್ಲ.

ಇಲ್ಲಿ ಒಂದು ಅಡ್ಡ ಮಾತು. ನಾನು ಬೆಳೆಯುವುದು ತಿನ್ನುವ ದ್ರಾಕ್ಷಿ. ಕಾಳು ದಪ್ಪ, ಸಿಪ್ಪೆ ತೆಳು, ಬೀಜ ಇಲ್ಲ. ವೈನಿನ ದ್ರಾಕ್ಷಿ ಇದಕ್ಕೆ ಪೂರ್ತಿ ಉಲ್ಟಾ. ಸಣ್ಣ ಕಾಳು, ದಪ್ಪ ಸಿಪ್ಪೆ, ಬೀಜ, ಗಿಡಕ್ಕೆ ಇಳುವರಿ ಕಡಿಮೆ. ಆದರೆ ಕಷ್ಟ ಒಂದೇ. ಏಪ್ರಿಲ್ ಚಾಟ್ನಿ (ಬಳ್ಳಿಯ ಕೊಂಬೆ ಕತ್ತರಿಸುವುದು), ಅಕ್ಟೋಬರ್ ಚಾಟ್ನಿ, ನಡುವೆ ಅಕಾಲ ಮಳೆ ಬಂದರೆ ಡೌನಿ ಅನ್ನುವ ಬೂಜು ರೋಗ, ಔಷಧಿ ಹೊಡೆಯುವ ಖರ್ಚು. ಇಷ್ಟು ಮಾಡಿ ಬೆಳೆದದ್ದು ನಮ್ಮದೇ ರಾಜ್ಯದ ದೊಡ್ಡ ಹೋಟೆಲಿನ ಪಟ್ಟಿಯಲ್ಲಿ ಊರಿನ ಹೆಸರೂ ಇಲ್ಲದೆ ಮೂಲೆಯಲ್ಲಿ ಬಿದ್ದಿರುವುದು ನೋಡಿ ಹೊಟ್ಟೆ ಉರಿಯಿತು. ಹಾಗಂತ ನಮ್ಮ ಜಿಲ್ಲೆಯದು ಅಂತ ಅಂಕ ಕೊಡಿ ಅಂತ ನಾನು ಹೇಳುತ್ತಿಲ್ಲ. ಇಲ್ಲಿನ ವೈನಿನಲ್ಲೂ ಕೆಟ್ಟದ್ದು ಬೇಕಾದಷ್ಟಿವೆ, ಕುಡಿದು ಬೈದಿದ್ದೇನೆ.

ಬಾಟಲಿ ಬಂತು. ಇಸವಿ ಇತ್ತು, ಕಾರ್ಕ್ ಸರಿಯಾಗಿತ್ತು, ಬಾಟಲಿ ಮಾತ್ರ ಬೆಚ್ಚಗಿತ್ತು. ಐಸ್ ಬಕೆಟ್ ತಾ, ಐಸ್ ಜೊತೆ ನೀರೂ ಹಾಕು ಅಂದೆ. ಸರ್ವರ್‌ಗಳ ಮೇಲಿನ ಕ್ಯಾಪ್ಟನ್ ದೂರದಿಂದ ಓಡಿ ಬಂದು "ಸರ್, ಇದು ರೆಡ್ ವೈನ್" ಅಂತ ನನಗೆ ಪಾಠ ಹೇಳಿದ. ಗೊತ್ತಪ್ಪ ಅಂದೆ. ಹನ್ನೆರಡು ನಿಮಿಷ ಬಿಟ್ಟು ತೆಗೆದು ಹುಯ್ದೆವು. ತಂಗಿಯ ಮಗ ಒಂದು ತುಂಡು ಮಾಂಸ ತಿಂದು, ಒಂದು ಗುಟುಕು ಕುಡಿದು, ಏನೂ ಮಾತಾಡದೆ ಇನ್ನೊಂದು ತುಂಡು ಕತ್ತರಿಸಿದ. ಹತ್ತೊಂಬತ್ತು ವರ್ಷ ಟೇಬಲ್ ಪಕ್ಕ ನಿಂತವನಿಗೆ ಅಷ್ಟು ಸಾಕು. ಜತ್ತದ ಹುಡುಗ ಮೂಲೆಯಲ್ಲಿ ನಿಂತು ನೋಡಿ ನಗುತ್ತಿದ್ದ.

ನಾನು ಅಂಕ ಕೊಡುವುದಾದರೆ ಪಟ್ಟಿಗೆ ಹತ್ತಕ್ಕೆ ಮೂರು, ಆ ಜತ್ತದ ಹುಡುಗನಿಗೆ ಒಂಬತ್ತು. ಒಂದು ಅಂಕ ಹಿಡಿದಿದ್ದು ಆ ಸತ್ತ ಗ್ಲಾಸನ್ನು ಟೇಬಲಿಗೆ ತಂದಿದ್ದು ಅವನೇ ಅಂತ.

ನಿಮ್ಮ ವರದಿಗಾರರು ಮತ್ತೆ ಇಂಥ ಕಡೆ ಹೋದರೆ, ಪುಟ ಎಣಿಸುವ ಬದಲು ಗ್ಲಾಸಿಗೆ ಯಾವ ಯಾವ ವೈನ್ ಇದೆ, ಬಾಟಲಿ ಯಾವತ್ತು ತೆರೆದದ್ದು ಅಂತ ಕೇಳಲಿ. ದುಬಾರಿ ಬಾಟಲಿ ಎಲ್ಲ ಕಡೆ ಚೆನ್ನಾಗಿಯೇ ಕಾಣುತ್ತದೆ, ಎಲ್ಲಕ್ಕಿಂತ ಅಗ್ಗದ ಮೂರು ಬಾಟಲಿಗಳನ್ನು ಯಾಕೆ ಆರಿಸಿದಿರಿ ಅಂತ ಕೇಳಲಿ, ಪಟ್ಟಿ ಮಾಡಿದವನ ಬುದ್ಧಿ ಅಲ್ಲಿ ಗೊತ್ತಾಗುತ್ತದೆ. ಬಾಟಲಿಯನ್ನು ಕೈಯಲ್ಲಿ ಹಿಡಿದು ಬಿಸಿ ನೋಡಲಿ. ಪಟ್ಟಿಯಲ್ಲಿ ಇಲ್ಲದ್ದನ್ನು ಇಲ್ಲ ಅಂತ ಹೇಳುವವರು ಯಾರಾದರೂ ಇದ್ದಾರಾ ನೋಡಲಿ. ಅದೇ ಹೋಟೆಲಿಗೆ ಹೋಗುವುದಾದರೆ ಸೋಮವಾರ ಬೇಡ, ಜತ್ತದ ಹುಡುಗನಿಗೆ ಅವತ್ತು ರಜೆ.

ಇಂತಿ,
ಒಬ್ಬ ದ್ರಾಕ್ಷಿ ಬೆಳೆಗಾರ
ಅಕ್ಕಲಕೋಟೆ ತಾಲ್ಲೂಕು, ಸೊಲ್ಲಾಪುರ ಜಿಲ್ಲೆ